ಎಂಬತ್ತು ಹನಿ

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಪ್ರೆಸ್ಸಿನಲ್ಲಿ, ಬೀದಿಯಲ್ಲಿ, ಟೀ ಅಂಗಡಿಯಲ್ಲಿ ಎಲ್ಲರಿಗೂ ಅವನು ಮೊಳೆ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟುವ ಕೆಲಸಕ್ಕೆ ಹತ್ತೊಂಬತ್ತನೇ ವಯಸ್ಸಿಗೆ ಸೇರಿದವನು. ಆ ಮೊಳೆಗಳೆಲ್ಲ ತೂಕಕ್ಕೆ ಹೋಗಿ, ಅವುಗಳ ಜಾಗದಲ್ಲಿ ಕಂಪ್ಯೂಟರ್ ಬಂದು ಕೂತರೂ ಹೆಸರು ಮಾತ್ರ ಅವನಿಗೇ ಅಂಟಿಕೊಂಡಿತು. ಆಳೂ ಹಾಗೇ ಇದ್ದಾನೆ ಅನ್ನಿ, ಉದ್ದಕ್ಕೆ, ತೆಳ್ಳಗೆ, ತಲೆ ಮಾತ್ರ ಸ್ವಲ್ಪ ದಪ್ಪ.

ನೀವು ಮೊಳೆಯನ್ನು ನೋಡಿರಲಿಕ್ಕಿಲ್ಲ. ಆದರೆ ಅವನು ಬರೆದದ್ದನ್ನು ಓದಿದ್ದೀರಿ. ಬಸ್ ನಿಲ್ದಾಣದ ಮೂತ್ರಾಲಯದಲ್ಲಿ ಗೋಡೆಗೆ ಮುಖ ಮಾಡಿ ನಿಂತಾಗ, ಓದದವರ ಹಾಗೆ ನಟಿಸುತ್ತಾ ಪೂರ್ತಿ ಓದಿದ್ದೀರಿ. ಇಲ್ಲ ಅನ್ನಬೇಡಿ, ನಾನೂ ಓದಿದ್ದೇನೆ. ಹಳದಿ ಕಾಗದ, ಮೇಲೆ ದಪ್ಪಕ್ಷರ: “ಮದುವೆಗೆ ಹೆದರುತ್ತಿರುವಿರಾ? ಮದುವೆಯಾಗಿ ನಾಚುತ್ತಿರುವಿರಾ? ಎಚ್ಚರ! ಒಂದು ಹನಿ ವೀರ್ಯವೆಂದರೆ ಎಂಬತ್ತು ಹನಿ ರಕ್ತ!” ಕೆಳಗೆ ಲಕ್ಷಣಗಳ ಪಟ್ಟಿ. ಅದರ ಕೆಳಗೆ ಮಾರುಕಟ್ಟೆ ಹಿಂದಿನ ಮಹಡಿಯಲ್ಲಿ ಕೂರುವ ವೈದ್ಯನ ವಿಳಾಸ. ಈ ಕಾಗದದ ದೆಸೆಯಿಂದ ಊರಿಗೆಲ್ಲ ಅವನು ಹಳದಿ ವೈದ್ಯ.

ಈ ಎಂಬತ್ತು ಎಲ್ಲಿಂದ ಬಂತು ಅನ್ನುವುದು ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಹದಿನೆಂಟು ವರ್ಷದ ಹಿಂದೆ ವೈದ್ಯ ಕೊಟ್ಟ ಕರಡಿನಲ್ಲಿ ಇದ್ದದ್ದು “ಅನೇಕ ಹನಿ ರಕ್ತ” ಎಂದು. ದಪ್ಪ ಮೊಳೆಯಲ್ಲಿ ಕಟ್ಟಿದರೆ ಸಾಲು ತುಂಬಲಿಲ್ಲ, ಕೊನೆಯಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಜಾಗ ಉಳಿಯಿತು. ತುಂಬಿಸೋಣವೆಂದರೆ ಆ ಅಳತೆಯ, ಅಕ್ಷರವಿಲ್ಲದ ಖಾಲಿ ಮೊಳೆಗಳು ಮುಗಿದಿದ್ದವು. ಮೊಳೆಗೆ ಆಗ ಇಪ್ಪತ್ತೆಂಟು ವಯಸ್ಸು, ಕೈಯೂ ಚುರುಕು, ಬುದ್ಧಿಯೂ ಚುರುಕು. “ಅನೇಕ” ತೆಗೆದು “ಎಂಬತ್ತು” ಕೂರಿಸಿದ. ಸಾಲು ಅಳೆದಂತೆ ಕೂತಿತು. ಅದೇ ಗತ್ತಿನಲ್ಲಿ ಕೆಳಗಿನ ಪಟ್ಟಿಗೂ ಕೈ ಹಾಕಿದ. ವೈದ್ಯ ಬರೆದಿದ್ದದ್ದು ಏಳು ಲಕ್ಷಣ, ಕಾಲಮ್ಮಿನ ತಳದಲ್ಲಿ ಇನ್ನೂ ಐದು ಸಾಲಿಗೆ ಜಾಗವಿತ್ತು. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ತನ್ನ ಸೋದರಮಾವ ದಿನವಿಡೀ ಗೊಣಗುತ್ತಿದ್ದ ಐದು ದೂರುಗಳನ್ನು ನೆನೆಸಿಕೊಂಡು ಸೇರಿಸಿದ: ಮೈ ಸೊರಗುವುದು, ಬಾಯಿ ಒಣಗುವುದು, ಪದೇ ಪದೇ ಮೂತ್ರ, ಕಣ್ಣು ಮಂಜಾಗುವುದು, ಪಾದ ಜೋಮು ಹಿಡಿಯುವುದು. ವೈದ್ಯ ಕರಡಚ್ಚು ನೋಡಿ, “ಭಲೇ, ನೀನು ನನಗಿಂತ ಚೆನ್ನಾಗಿ ಬರೀತೀಯಲ್ಲೋ” ಎಂದ. ಮೊಳೆಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಗೋಡೆಗೆ ಹಚ್ಚಿ ಉಳಿದ, ಕೈಗೆ ಹಂಚುವ ಹಾಳೆಗಳು ಮೊಳೆಯ ಮನೆಗೇ ಬರುತ್ತಿದ್ದವು. ಮಡಿಸುವವಳು ಅವನ ಹೆಂಡತಿ. ಆಗ ಮದುವೆಯಾಗಿ ಐದು ವರ್ಷ, ಮಗಳಿಗೆ ಮೂರು. ಹೆಂಡತಿಗೆ ಇದು ಗಂಡನ ಬರವಣಿಗೆ ಎಂದು ಗೊತ್ತಿರಲಿಲ್ಲ. ಇಂಥದ್ದನ್ನು ಹೆಂಡತಿಯ ಮುಂದೆ ಹೇಳಿಕೊಳ್ಳುವ ಗಂಡಸು ಎಲ್ಲಿದ್ದಾನೆ. ಅವಳು ಮೊದಲ ಹಾಳೆಯನ್ನು ಕಿವಿ ಕೆಂಪಗೆ ಮಾಡಿಕೊಂಡು ಓದಿದಳು, ಆಮೇಲೆ ತಾನೇ ಒಂದು ಮಡಿಕೆ ಕಂಡುಹಿಡಿದಳು. ಅಕ್ಷರವೆಲ್ಲ ಒಳಗೆ, ಬರೀ ಹಳದಿ ಹೊರಗೆ, ಒಂದು ಮೂಲೆಯನ್ನು ಒಳಕ್ಕೆ ಸಿಕ್ಕಿಸಿದರೆ ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕದು. “ಪಾಪ, ತಗೊಳ್ಳೋರಿಗೆ ನಾಚಿಕೆ ಆಗಬಾರದಲ್ವಾ” ಎಂದಿದ್ದಳು. ಹಳದಿ ವೈದ್ಯನಿಗೆ ಆ ಮಡಿಕೆ ಬಹಳ ಹಿಡಿಸಿತು. ಅಂದಿನಿಂದ ವರ್ಷಕ್ಕೆರಡು ಸಲ ಅದೇ ಹಾಳೆ, ಅದೇ ಮಡಿಕೆ, ಅವಳದೇ ಕೈ.

ಇನ್ನು ಕಷ್ಟಕ್ಕೆ ಬರೋಣ.

ಮಗಳ ಮದುವೆ ಮಾಡಿ ಕಳಿಸಿದ ವರ್ಷ ಮೊಳೆಗೆ ಬಾಯಾರಿಕೆ ಶುರುವಾಯಿತು. ಎಷ್ಟು ಕುಡಿದರೂ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಪ್ರೆಸ್ಸಿನ ಹಿಂದಿನ ಮೂತ್ರಾಲಯಕ್ಕೆ ಓಡಿ ಓಡಿ ಯಜಮಾನರ ಬಾಯಿಗೆ ಬಿದ್ದ. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಹೊಡೆಸಿದ, ಆಮೇಲೆ ಇನ್ನೊಂದು. ಕಂಪ್ಯೂಟರ್ ಪರದೆಯ ಅಕ್ಷರಗಳು ಮಂಜಾದವು. ಇದೆಲ್ಲ ಹಾಗಿರಲಿ ಎಂದರೆ, ಹೆಂಡತಿಯ ಬಳಿ ಹೋದಾಗ ಮೈ ಮಾತು ಕೇಳುವುದನ್ನೇ ಬಿಟ್ಟಿತು. ಒಂದು ಸಲ ಆಯಾಸ ಎಂದುಕೊಂಡ. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲಕ್ಕೆ ಹೋಗುವಾಗಲೇ ಸೋತವನ ಹಾಗೆ ಹೋದ, ಹಾಗೇ ಬಂದ.

ಬೇರೆಯವರಾಗಿದ್ದರೆ ನಾಲ್ಕು ಜನರನ್ನು ಕೇಳುತ್ತಿದ್ದರು. ಮೊಳೆ ಯಾರನ್ನೂ ಕೇಳಬೇಕಿರಲಿಲ್ಲ, ಪಟ್ಟಿ ಅವನಿಗೆ ಬಾಯಿಪಾಠ. ಮೈ ಸೊರಗುವುದು, ಸರಿ. ಬಾಯಿ ಒಣಗುವುದು, ಸರಿ. ಪದೇ ಪದೇ ಮೂತ್ರ, ಕಣ್ಣು ಮಂಜು, ಪಾದದ ಜೋಮು, ಎಲ್ಲ ಸರಿ. ಪಟ್ಟಿಯ ಮೇಲೆ ಕಾರಣವೂ ಇತ್ತಲ್ಲ, “ಹರೆಯದ ಹಸ್ತದೋಷ.” ಹರೆಯದಲ್ಲಿ ಯಾರು ತಾನೇ ಸುಮ್ಮನಿದ್ದಾರೆ ಹೇಳಿ, ಮೊಳೆಯೂ ಇರಲಿಲ್ಲ. ಈಗ ಅದರ ಹನಿ ಹನಿಯನ್ನೂ ಎಂಬತ್ತರಿಂದ ಗುಣಿಸುತ್ತಾ ಕೂತ. ಆ ಎಂಬತ್ತನ್ನು ತಾನೇ ಸಾಲು ತುಂಬಿಸಲು ಹಾಕಿದ್ದೆಂದು ಅವನಿಗೆ ಮರೆತಿರಲಿಲ್ಲ. ಆದರೂ ಹದಿನೆಂಟು ವರ್ಷ ಗೋಡೆಗೋಡೆಯ ಮೇಲೆ ಓದಿದ ಮೇಲೆ ಅದು ತನ್ನದು ಅನ್ನಿಸುವುದೇ ನಿಂತುಹೋಗಿತ್ತು. ಮನುಷ್ಯ ಎಷ್ಟು ದಡ್ಡನಾಗಬಹುದು ಅನ್ನುವುದಕ್ಕೆ ಮೇರೆ ಇಲ್ಲ ನೋಡಿ.

ಆ ದಿನಗಳಲ್ಲೇ ಅವನ ಹೆಂಡತಿ ಮಂಚ ಸರಿಸಿದಳು.

ಒಂದೇ ಕೋಣೆಯ ಮನೆ. ಒಂದು ಕಡೆ ಒಲೆ, ಇನ್ನೊಂದು ಕಡೆ ಬಟ್ಟೆಯ ಬೀರು, ನಡುವೆ ಒಂದಕ್ಕೊಂದು ಅಂಟಿಸಿಟ್ಟ ಎರಡು ಒಂಟಿ ಮಂಚ. ಮೊಳೆ ಸಂಜೆ ಕೆಲಸದಿಂದ ಬಂದಾಗ ಅವಳ ಮಂಚ ಕಿಟಕಿಯ ಗೋಡೆಗೆ ಹೋಗಿತ್ತು. ನಡುವೆ ಎರಡು ಮೊಳ ಜಾಗ. “ಯಾಕೆ?” ಎಂದ. “ಗಾಳಿ ಬರುತ್ತೆ” ಎಂದಳು, ಮುಖ ಎತ್ತದೆ. ಮಾರನೇ ವಾರ ಬಂದ ಹಳದಿ ಹಾಳೆಯ ಕಟ್ಟುಗಳನ್ನು ಇಡಲು ಬೇರೆ ಜಾಗವಿಲ್ಲದೆ ಆ ನಡುವಿನಲ್ಲೇ ಪೇರಿಸಿದರು. ಮಲಗಿದರೆ ಅವಳ ಮುಖ ಕಾಣುವುದೂ ನಿಂತಿತು.

ಮೊಳೆಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡ. ಇವಳಿಗೆ ನನ್ನ ಮೇಲೆ ಹೇಸಿಗೆ ಹುಟ್ಟಿದೆ. ಇಪ್ಪತ್ತಮೂರು ವರ್ಷ ಒಂದೇ ಹೊದಿಕೆಯಲ್ಲಿ ಮಲಗಿದವಳು ಈಗ ಕೈ ತಾಗಿದರೂ “ಬೇಡ, ಸುಮ್ನೆ ಮಲಗಿ” ಎಂದು ಗೋಡೆಗೆ ತಿರುಗುತ್ತಾಳೆ. ಕೇಳಿಬಿಡೋಣ ಎಂದುಕೊಂಡ. ಏನಂತ ಕೇಳುವುದು? ಮೊಳೆ ಒಳಗೊಳಗೇ ಬೆಂದ. ಮನೆಯಲ್ಲಿ ಮಾತು “ಬಂದ್ರಾ”, “ಬಡಿಸ್ಲಾ”, “ದೀಪ ಆರಿಸಿ” ಇಷ್ಟಕ್ಕೆ ಇಳಿಯಿತು.

ಕೊನೆಗೆ ಅವನು ಹಳದಿ ವೈದ್ಯನ ಮಹಡಿ ಹತ್ತಿದ. ಕರಡಚ್ಚು ತೋರಿಸುವ ನೆಪ ಕೈಯಲ್ಲಿತ್ತು, ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ವೈದ್ಯ ಎಲ್ಲ ಕೇಳಿಸಿಕೊಂಡು ಕಣ್ಣು ಮುಚ್ಚಿ, ಗಂಭೀರವಾಗಿ ಹೇಳಿದ: “ಮೈ ಸೊರಗಿದೆ. ಬಾಯಿ ಒಣಗುತ್ತೆ. ಪದೇ ಪದೇ ಮೂತ್ರ. ಹೌದೋ ಅಲ್ವೋ?”

ತನ್ನ ಸೋದರಮಾವನ ದೂರುಗಳು ತನಗೇ ತಿರುಗಿ ಬಂದದ್ದನ್ನು ಕೇಳಿ ಮೊಳೆ, “ಹೌದು ವೈದ್ಯರೇ” ಎಂದ.

“ನೋಡಪ್ಪ, ಒಂದು ಹನಿ ಅಂದ್ರೆ ಎಂಬತ್ತು ಹನಿ ರಕ್ತ. ಎಷ್ಟು ಚೆಲ್ಲಿದೀಯೋ ನಿನಗೇ ಗೊತ್ತು.”

ಮೊಳೆ ಕೈಯಲ್ಲಿದ್ದ ಕರಡಚ್ಚಿನ ಮೇಲೆ ಬೆರಳಿಟ್ಟ. “ವೈದ್ಯರೇ, ಆ ಎಂಬತ್ತು... ನಿಮ್ಮ ಕರಡಲ್ಲಿ ಇರಲಿಲ್ಲ. ಸಾಲು ತುಂಬಲಿ ಅಂತ ನಾನು ಹಾಕಿದ್ದು.”

ವೈದ್ಯ ಕರಡಚ್ಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಆಮೇಲೆ ನಕ್ಕ. “ನಿನ್ನ ಕೈಯಲ್ಲಿ ಬರೆಸಿದ್ದು ಯಾರೋ ಬೇರೆ ಕಣಯ್ಯ. ಹಳೇ ಗ್ರಂಥದಲ್ಲೂ ಅಷ್ಟೇ ಇದೆ, ನಾನು ಆಮೇಲೆ ನೋಡಿದೆ.”

ಅಲ್ಲಿಗೆ ಮುಗಿಯಿತು. ಎಂಬತ್ತು ಸುಳ್ಳಿರಬಹುದೆಂದು ಇದ್ದೊಂದು ಕಿಂಡಿಯೂ ಮುಚ್ಚಿತು. ಮೊಳೆ ಮೂರು ತಿಂಗಳ ಪುಡಿ ತಗೊಂಡು ಮೆಟ್ಟಿಲಿಳಿದ. ಪುಡಿ ತಿಂದ ದಿನ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಡವಡವ ಎನ್ನುತ್ತಿತ್ತು. ಒಂದೆರಡು ದಿನ ಮೈಗೆ ಏನೋ ಜೀವ ಬಂದ ಹಾಗೂ ಆಯಿತು. ಆದರೆ ಹಾಳೆಯ ಕಟ್ಟು ದಾಟಿ ಹೋದರೆ ಅವಳು, “ನಿಮ್ಮ ಕಾಲಿಗೆ ಬೀಳ್ತೀನಿ, ಹೋಗಿ ಮಲಗಿ” ಎಂದುಬಿಟ್ಟಳು. ಅಷ್ಟರ ಮಟ್ಟಿಗೆ ಬೇಡವಾಗಿದ್ದೇನಲ್ಲ ಎಂದು ಮೊಳೆಗೆ ಅಳು ಬಂತು. ಅತ್ತ ಕೂಡ, ದಿಂಬಿಗೆ ಬಾಯಿ ಒತ್ತಿಕೊಂಡು.

ಇದರಿಂದ ಅವನನ್ನು ಎಳೆದು ಹೊರಗೆ ಹಾಕಿದ್ದು ಬುದ್ಧಿಯಲ್ಲ, ಹೆಬ್ಬೆರಳು. ಪ್ರೆಸ್ಸಿನಲ್ಲಿ ಹಳದಿ ಕಾಗದದ ರೀಮೊಂದು ಜಾರಿ ಎಡಗಾಲಿನ ಹೆಬ್ಬೆರಳ ಮೇಲೆ ಬಿತ್ತು. ವಿಚಿತ್ರವೆಂದರೆ ಅಷ್ಟೇನೂ ನೋಯಲಿಲ್ಲ. ಗಾಯ ಮಾತ್ರ ನಾಲ್ಕು ವಾರವಾದರೂ ಮಾಯಲಿಲ್ಲ, ವಾಸನೆ ಹಿಡಿಯಿತು. ಯಜಮಾನರು ಮೂಗು ಮುಚ್ಚಿಕೊಂಡು, “ಮೊದಲು ಆಸ್ಪತ್ರೆಗೆ ಹೋಗು ಮಾರಾಯ, ಆಮೇಲೆ ಕೆಲಸ” ಎಂದರು.

ಸರಕಾರಿ ಆಸ್ಪತ್ರೆಯಲ್ಲಿ ಆ ದಿನ ಕೂತಿದ್ದವರು ಡಾಕ್ಟರಮ್ಮ. ನಡುವಯಸ್ಸಿನವರು, ಕನ್ನಡಕ ಹಣೆಯ ಮೇಲೆ, ಮಾತಿಗೆ ಮುಲಾಜಿಲ್ಲ. ಬೆರಳಿನಿಂದ ಒಂದು ಹನಿ ರಕ್ತ ತೆಗೆಸಿ, ಪುಟ್ಟ ಯಂತ್ರದ ಅಂಕಿ ನೋಡಿ, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು.

“ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾ?”

“ಇಲ್ಲ ಮೇಡಂ.”

“ಮನೇಲಿ ಯಾರಿಗಾದ್ರೂ ಇತ್ತಾ?”

ಮೊಳೆ ಬಾಯಿ ತೆರೆದವನು ಹಾಗೇ ನಿಂತ. ಇತ್ತು. ಸೋದರಮಾವನಿಗಿತ್ತು. ಯಾವಾಗಲೂ ಬಾಯಾರಿ, ಯಾವಾಗಲೂ ಮೂತ್ರಕ್ಕೆ ಎದ್ದು, ಸೊರಗಿ ಕಡ್ಡಿಯಾಗಿ, ಕೊನೆಗೆ ಕಾಲು ಕತ್ತರಿಸಿಕೊಂಡು ಸತ್ತ ಸೋದರಮಾವ. ಆತನ ಸಕ್ಕರೆ ಕಾಯಿಲೆಯನ್ನೇ ಅಲ್ಲವೇ ತಾನು ಸಾಲು ಸಾಲಾಗಿ ಹಳದಿ ಕಾಗದಕ್ಕೆ ಏರಿಸಿದ್ದು.

“ಸೋದರಮಾವನಿಗೆ” ಎಂದ ಮೆಲ್ಲಗೆ.

ಡಾಕ್ಟರಮ್ಮ ಅವನ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ ತಾವೇ ಗಾಯ ತೊಳೆಯತೊಡಗಿದರು. “ಬೇರೆ ತೊಂದರೆ?”

“ಏನಿಲ್ಲ.”

“ಎಷ್ಟು ತಿಂಗಳಿಂದ?”

“ಏನು ಮೇಡಂ?”

“ಈಗ ನೀವು ಹೇಳದೇ ಇರೋದು. ನಿಮ್ಮ ವಯಸ್ಸಿನ ಗಂಡಸು, ಇಷ್ಟು ಸಕ್ಕರೆ, ಹೆಂಡತಿ ಜೊತೆ ತೊಂದರೆ ಆಗಿರಲೇಬೇಕು. ನಾಚ್ಕೋಬೇಡಿ, ನನಗೆ ಇದು ಹಲ್ಲುನೋವಿನ ಹಾಗೆ.”

ಮೊಳೆ ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ನೋಡುತ್ತಾ ಹೇಳಿದ. ಒಂದು ವರ್ಷದಿಂದ ಕಟ್ಟಿಟ್ಟದ್ದು ಒಂದೇ ಉಸಿರಿಗೆ ಬಂತು. ಹರೆಯದ ತಪ್ಪು, ಹನಿ ಲೆಕ್ಕ, ಪುಡಿ, ಎಲ್ಲ. ಡಾಕ್ಟರಮ್ಮ ಗಾಯ ತೊಳೆಯುವುದನ್ನು ನಿಲ್ಲಿಸಲಿಲ್ಲ.

“ಆ ಎಂಬತ್ತು ಹನಿ ಚೀಟಿ. ವಾರಕ್ಕೆ ನಾಲ್ಕು ಜನ ಅದನ್ನ ಜೇಬಲ್ಲಿ ಇಟ್ಕೊಂಡೇ ಬರ್ತಾರೆ. ಹೋದ ತಿಂಗಳು ಒಬ್ಬ, ನಿಶ್ಚಯ ಆಗಿದ್ದ ಮದುವೇನೇ ಮುರಿದುಕೊಂಡು ಬಂದು ಕೂತಿದ್ದ. ಆರೋಗ್ಯ ಕಲ್ಲಿನ ಹಾಗಿತ್ತು. ಅದನ್ನ ಬರೆದವನು ಒಂದು ದಿನ ನನ್ನ ಕೈಗೆ ಸಿಗಬೇಕು, ಇದೆ ಅವನಿಗೆ.”

ಆ ಹೊತ್ತಿಗೆ ಅವರ ಕೈಯಲ್ಲಿ ಅವನ ಕಾಲಿತ್ತು. ಮೊಳೆ ಅದನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

“ಅಲುಗಾಡಬೇಡಿ. ಕೇಳಿ. ವೀರ್ಯ ರಕ್ತದಿಂದ ಆಗಲ್ಲ. ಅದಕ್ಕೆ ಬೇರೆ ಗ್ರಂಥಿಗಳಿವೆ, ಹೋದಷ್ಟೂ ಮತ್ತೆ ತಯಾರಾಗ್ತಾ ಇರುತ್ತೆ, ಬಾಯಲ್ಲಿ ಎಂಜಲು ಬಂದ ಹಾಗೆ. ಎಂಜಲು ನುಂಗಿದ್ರೆ ಉಗುಳಿದ್ರೆ ಯಾರಾದ್ರೂ ಸೊರಗಿದ್ದು ನೋಡಿದೀರಾ? ಹರೆಯದಲ್ಲಿ ಮಾಡ್ಕೊಂಡಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅಳತೆ ಚಿಕ್ಕದು ದೊಡ್ಡದು ಅನ್ನೋದೂ ಸುಮ್ನೆ ತಲೆ ಕೆಡಿಸೋ ಮಾತು. ನಿಮ್ಮ ಅಂಗಕ್ಕೆ ರಕ್ತ ತುಂಬಿದ್ರೆ ಅದು ಗಟ್ಟಿಯಾಗುತ್ತೆ, ಅಷ್ಟೇ ವಿಷಯ. ಸಕ್ಕರೆ ಆ ಸಣ್ಣ ರಕ್ತನಾಳಾನ, ನರಾನ ಹಾಳು ಮಾಡುತ್ತೆ. ಎದೆಯ ನಾಳಗಳು ಇನ್ನೂ ದೊಡ್ಡವು, ಅವು ಕೆಡೋಕೆ ತಡ ಆಗುತ್ತೆ. ಅದಕ್ಕೇ ಇಲ್ಲಿ ತೊಂದರೆ ಬಂದ್ರೆ ಎದೆನೂ ಒಂದ್ಸಲ ನೋಡಬೇಕು. ಬೆಳಗ್ಗೆ ಎದ್ದಾಗ ಮೊದಲಿನ ಹಾಗೆ ಇರುತ್ತಾ?”

“ಯಾವಾಗಾದ್ರೊಮ್ಮೆ.”

“ಒಳ್ಳೇದು. ಹಾಗಾದ್ರೆ ಪೂರ್ತಿ ಕೆಟ್ಟಿಲ್ಲ. ಅರ್ಧ ಸಕ್ಕರೆ, ಅರ್ಧ ಹೆದರಿಕೆ. ಆಗಲ್ಲ ಆಗಲ್ಲ ಅಂತ ಹೆದರಿಕೊಂಡೇ ಹೋದ್ರೆ ಯಾರಿಗೂ ಆಗಲ್ಲ.” ಪಟ್ಟಿ ಕಟ್ಟಿ ಗಂಟು ಹಾಕಿದರು. “ಆ ಪುಡಿ ಇವತ್ತೇ ಚರಂಡಿಗೆ. ಗಂಡಸುತನಕ್ಕೆ ಅಂತ ಔಷಧಿ ಅಂಗಡೀಲಿ ಸಿಗೋ ಮಾತ್ರೆನೇ ಅಳತೆ ಇಲ್ಲದೆ ಅರೆದು ಬೆರೆಸಿರ್ತಾರೆ ಅಂತ ನನ್ನ ಅನುಮಾನ. ಎದೆನೋವಿಗೆ ಮಾತ್ರೆ ತಗೊಳ್ಳೋನು ಅದನ್ನ ತಿಂದ್ರೆ ರಕ್ತದೊತ್ತಡ ಕುಸಿದು ಬಿದ್ದೇಹೋಗ್ತಾನೆ. ಮೊದಲು ಸಕ್ಕರೆ ಇಳಿಸೋಣ, ಎದೆ ಪರೀಕ್ಷೆ ಮಾಡೋಣ. ಆಮೇಲೂ ಬೇಕಾದ್ರೆ ಅದಕ್ಕೂ ಸರಿಯಾದ ಮಾತ್ರೆ ಇದೆ, ನಾನೇ ಬರ್ಕೊಡ್ತೀನಿ. ಒಂದೇ ದಿನಕ್ಕೆ ಆಗಲ್ಲ, ಕೆಲವು ತಿಂಗಳು ಬೇಕು. ಮುಂದಿನ ವಾರ ಪಟ್ಟಿ ಬದಲಿಸೋಕೆ ಬನ್ನಿ.”

ಮೊಳೆ ಎದ್ದವನು ಬಾಗಿಲ ಬಳಿ ನಿಂತ. ನಾನೇ ಬರೆದದ್ದು ಎಂದು ಹೇಳಿಬಿಡಬೇಕು ಅನ್ನಿಸಿತು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಹೇಳಲಿಲ್ಲ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ತನ್ನ ಮಂಚದ ಮೇಲೆ ಕೂತು ಹಾಳೆ ಮಡಿಸುತ್ತಿದ್ದಳು. ಮೊಳೆ ಆಸ್ಪತ್ರೆಯ ಚೀಟಿ ಚಾಚಿ, “ಸಕ್ಕರೆ ಕಾಯಿಲೆಯಂತೆ” ಎಂದ.

ಅವಳ ಕೈ ನಿಂತಿತು. “ಸಕ್ಕರೆನಾ? ಬರೀ ಸಕ್ಕರೆನಾ?” ಎಂದಳು. ಎರಡು ಸಲ ಕೇಳಿದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು, ಮಗಳನ್ನು ಕಳಿಸಿಕೊಟ್ಟ ದಿನವೂ ಹಾಗೆ ಅತ್ತಿರಲಿಲ್ಲ.

“ಯಾಕೆ ಅಳ್ತೀಯ? ಮಾತ್ರೆ ಕೊಟ್ಟಿದಾರೆ.”

“ನಾನು ನಿಮ್ಮನ್ನ ಕಳ್ಕೋತೀನಿ ಅಂದ್ಕೊಂಡಿದ್ದೆ ಕಣ್ರೀ. ದಿನಾ ಕಣ್ಣೆದುರಿಗೇ ಕರಗಿ ಹೋಗ್ತಿದ್ರಿ. ಬೆಲ್ಟಿಗೆ ಎರಡನೇ ತೂತು ಹೊಡೆಸ್ಕೊಂಡು ಬಂದ್ರಲ್ಲ, ಅವತ್ತೇ ಮಂಚ ಸರಿಸಿದೆ. ಇದರಲ್ಲಿ ಬರೆದಿದೆಯಲ್ಲ.” ಮಡಿಲಲ್ಲಿದ್ದ ಹಳದಿ ಹಾಳೆಯ ಮೇಲೆ ಬೆರಳಿಟ್ಟಳು. “ಒಂದೊಂದು ಸಲಕ್ಕೂ ಎಷ್ಟು ರಕ್ತ ಹೋಗುತ್ತೆ ಅಂತ. ಇರೋ ಮೈಯಲ್ಲಿ ಇನ್ನೆಷ್ಟು ರಕ್ತ ಉಳಿದಿದೆಯೋ ಏನೋ, ನಾನ್ಯಾಕೆ ಅದನ್ನ ಖರ್ಚು ಮಾಡಿಸ್ಲಿ ಅಂತ ದೂರ ಇದ್ದೆ. ನೀವು ಹತ್ತಿರ ಬಂದಾಗೆಲ್ಲ ನನಗೆ ಬೇಡ ಅಂತಲ್ಲ. ದೇವರಾಣೆ ಬೇಡ ಅಂತಲ್ಲ.”

ಮೊಳೆ ತನ್ನ ಮಂಚದ ಮೇಲೆ ಕೂತ. ಇವಳಿಗೆ ಹೇಸಿಗೆ ಎಂದುಕೊಂಡು ಒಂದು ವರ್ಷ ಗೋಡೆ ನೋಡಿದನಲ್ಲ, ಆ ವರ್ಷವೆಲ್ಲ ಅವಳು ಇವನನ್ನು ಬದುಕಿಸಿಕೊಳ್ಳುತ್ತಿದ್ದಳು. ಸಾಲಿನ ಕೊನೆಯ ಬೆರಳಗಲದ ಜಾಗಕ್ಕೆ ತಾನು ಕೂರಿಸಿದ ಒಂದು ಪದ ಮನೆಯೊಳಗೆ ಬಂದು ಇಬ್ಬರ ನಡುವೆ ಮಲಗಿತ್ತು.

“ಅದು ಸುಳ್ಳು ಕಣೇ” ಎಂದ.

“ಅಚ್ಚಾಗಿದೆಯಲ್ರೀ. ಹದಿನೆಂಟು ವರ್ಷದಿಂದ ಹಾಕ್ತಿದಾರೆ. ಸುಳ್ಳಾಗಿದ್ರೆ ಯಾರೂ ಹೇಳ್ತಿರಲಿಲ್ವಾ?”

“ನಾನು ಹೇಳ್ತಿದೀನಲ್ಲ. ನಾನೇ ಬರೆದಿದ್ದು. ಸಾಲು ತುಂಬಲಿಲ್ಲ ಅಂತ ಎಂಬತ್ತು ಹಾಕಿದೆ.”

ಅವಳು ಅವನ ಮುಖವನ್ನೇ ನೋಡಿದಳು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅವಳ ಮುಖದಲ್ಲಿ ಇದ್ದದ್ದು ಕನಿಕರ. “ನಿಮಗೆ ಹತ್ತಿರ ಬರಬೇಕು ಅನ್ಸಿದೆ, ಅದಕ್ಕೆ ಹೀಗೆ ಹೇಳ್ತಿದೀರಿ. ನನಗರ್ಥ ಆಗುತ್ತೆ” ಎಂದು ಮತ್ತೆ ಹಾಳೆ ಕೈಗೆತ್ತಿಕೊಂಡಳು.

ಮೊಳೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಮಾರನೇ ದಿನ ಯಜಮಾನರ ಮುಂದೆ ನಿಂತು, ಹಳದಿ ಕಾಗದ ನಿಲ್ಲಿಸೋಣ, ಅದರಲ್ಲಿರುವುದು ಸುಳ್ಳು ಎಂದ. ಯಜಮಾನರು ಲೋಟ ಕೆಳಗಿಟ್ಟು, “ಹದಿನೆಂಟು ವರ್ಷ ಸುಳ್ಳಾಗಿರಲಿಲ್ವಾ? ನಾವು ಹಾಕದಿದ್ರೆ ಎದುರು ಬೀದಿಯವನು ಹಾಕ್ತಾನೆ. ಹೋಗು, ಕೆಲಸ ನೋಡು” ಎಂದರು. ಅಲ್ಲೂ ಬಾಗಿಲು ಮುಚ್ಚಿತ್ತು.

ಆಗ ಅವನಿಗೆ ಹೊಳೆದದ್ದು ತಾನು ಬಲ್ಲ ಒಂದೇ ವಿದ್ಯೆ. ಅವಳು ನಂಬುವುದು ಅಚ್ಚಾದದ್ದನ್ನು ತಾನೇ? ಊಟದ ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬರೆದ. ವೀರ್ಯ ರಕ್ತದಿಂದ ಆಗುವುದಿಲ್ಲ. ಗಂಡಹೆಂಡಿರು ಕೂಡುವುದರಿಂದ ಯಾರೂ ಸೊರಗುವುದಿಲ್ಲ. ಹರೆಯದ ಅಭ್ಯಾಸದಿಂದ ಗಂಡಸುತನ ಹೋಗುವುದಿಲ್ಲ. ಶಕ್ತಿ ಕುಂದಿದರೆ ಸಕ್ಕರೆ, ರಕ್ತದೊತ್ತಡ, ಎದೆ ಪರೀಕ್ಷೆ ಮಾಡಿಸಿ, ಪುಡಿ ತಿನ್ನಬೇಡಿ. ಅದೇ ದಪ್ಪಕ್ಷರ, ಅದೇ ಹಳದಿ ಕಾಗದ. ಒಂದೇ ಒಂದು ಪ್ರತಿ. ಈ ಸಲ ಸಾಲುಗಳು ಹೇಗೆ ಬಂದವೋ ಹಾಗೇ ಬಿಟ್ಟ. ಕೆಲವು ಸಾಲಿನ ಕೊನೆ ಖಾಲಿಯೇ ಉಳಿಯಿತು.

ಸಂಜೆ ಅದನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದಳು. ಒಂದು ಸಲ ತಿರುಗಿಸಿ ಹಿಂದೆಯೂ ನೋಡಿದಳು. ಮೊಳೆ ಪಕ್ಕದಲ್ಲೇ ನಿಂತಿದ್ದ.

“ಇದನ್ನೂ ನೀವೇ ಬರೆದಿದ್ದಲ್ವಾ?” ಎಂದಳು.

ಅವನು ಏನು ಹೇಳಬೇಕು? ಹೌದು, ನಾನೇ. ಅದನ್ನೂ ನಾನೇ, ಇದನ್ನೂ ನಾನೇ. ನಿನ್ನೆ ತಾನೇ ಬಾಯಿಬಿಟ್ಟು ಹೇಳಿದ್ದಾನೆ, ನಾನು ಜಾಗ ತುಂಬಿಸಲು ಬರೆಯುವವನು ಎಂದು. ನಿನ್ನೆ ನಂಬದಿದ್ದವಳು ಈಗ ಅಷ್ಟನ್ನು ಮಾತ್ರ ಚೆನ್ನಾಗಿ ನಂಬಿದ್ದಳು. ಅವನ ಬಾಯಿಗೂ ಬೆಲೆ ಇಲ್ಲ, ಅಚ್ಚಿಗೂ ಬೆಲೆ ಇಲ್ಲ. ಹಾಳೆಯನ್ನು ವಾಪಸು ತಗೊಂಡು ಜೇಬಿಗೆ ಹಾಕಿಕೊಂಡ.

“ಮುಂದಿನ ವಾರ ಪಟ್ಟಿ ಬದಲಿಸೋಕೆ ಹೋಗ್ಬೇಕಲ್ಲ” ಎಂದಳು ಅವಳು. “ನಾನೂ ಬರ್ತೀನಿ. ಆಯಮ್ಮನ ಬಾಯಿಂದಲೇ ಕೇಳ್ತೀನಿ.”

ಹೋದರು. ಪಟ್ಟಿ ಬದಲಿಸಿದ ಮೇಲೆ ಹೆಂಡತಿ ಅವನನ್ನು ಹೊರಗೆ ಕಳಿಸಿ ತಾನೊಬ್ಬಳೇ ಒಳಗುಳಿದಳು. ಮೊಳೆ ಬೆಂಚಿನ ಮೇಲೆ ಕಾದ. ಪಕ್ಕದಲ್ಲಿ ಗಾರೆ ಕೆಲಸದವನೊಬ್ಬ, ಕೈಯೆಲ್ಲ ಸಿಮೆಂಟು, ಮುಷ್ಟಿಯಿಂದ ಏನನ್ನೋ ಬಿಡಿಸಿ ಓದುತ್ತಿದ್ದ. ಒಳಕ್ಕೆ ಸಿಕ್ಕಿಸಿದ ಆ ಮೂಲೆಯನ್ನು ಮೊಳೆ ಎಲ್ಲಿದ್ದರೂ ಗುರುತಿಸುತ್ತಿದ್ದ.

“ಅದು ಸುಳ್ಳು ಸ್ವಾಮಿ” ಎಂದ.

ಗಾರೆಯವನು ಕಾಗದವನ್ನು ತೊಡೆಯ ಕೆಳಗೆ ಸೇರಿಸಿದ. “ನಿಮಗೇನು ಗೊತ್ತು? ನೀವೇನು ಡಾಕ್ಟರಾ?”

ಮೊಳೆ ಜೇಬಿನಿಂದ ತನ್ನ ಹಾಳೆ ತೆಗೆದು ಕೊಟ್ಟ. ಅದೂ ಹಳದಿಯೇ. ಗಾರೆಯವನು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿ, ಇವನ್ಯಾರೋ ಇನ್ನೊಬ್ಬ ಪುಡಿ ಮಾರುವವನು ಎಂದು ದೂರ ಸರಿದು ಕೂತ. ಮೊಳೆಗೆ ನಾಚಿಕೆಯಿಂದ ತಲೆ ತಗ್ಗಿತು. ಇವನಿಗೆ ಕಾಯಿಲೆ ಹಚ್ಚಿದವನು ನಾನೇ, ಕೈ ಹಿಡಿದು ಎಬ್ಬಿಸುವ ಯೋಗ್ಯತೆಯೂ ನನಗಿಲ್ಲವಲ್ಲ ಎಂದುಕೊಂಡ. ಅಷ್ಟರಲ್ಲಿ ಒಳಗಿನಿಂದ ಗಾರೆಯವನನ್ನು ಕರೆದರು. ಅವನು ಎರಡೂ ಹಾಳೆಗಳನ್ನು ಹಿಡಿದುಕೊಂಡೇ ಒಳಗೆ ಹೋದ.

ಹೆಂಡತಿ ಹೊರಗೆ ಬಂದಳು. ಅವಳು ಮುಂದೆ ಮುಂದೆ ನಡೆದಳು. ಮೊಳೆ ಕುಂಟುತ್ತಾ ಹಿಂದೆ ಬಂದ. ಮನೆಯ ಬೀಗ ತೆಗೆದು ಒಳಗೆ ಹೋಗಿ, ಮಂಚಗಳ ನಡುವಿನ ಹಳದಿ ಕಟ್ಟುಗಳನ್ನು ನೋಡುತ್ತಾ ನಿಂತಳು. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಅವುಗಳ ಮೇಲೆ ಬಿದ್ದಿತ್ತು.

“ಏನಂದ್ರು ಡಾಕ್ಟರಮ್ಮ?” ಎಂದ ಮೊಳೆ.

“ನೀವು ಹೇಳಿದ್ದನ್ನೇ.” ಕಟ್ಟುಗಳ ಕಡೆ ಕೈ ತೋರಿಸಿ, “ಇದನ್ನ ಬರೆದೋರು ನಮ್ಮ ಮನೆಯವರೇ ಅಂತಾನೂ ಹೇಳಿದೆ” ಎಂದಳು.

“ಏನಂದ್ರು?”

“ಮುಂದಿನ ಸಲ ಬರಲಿ ಅಂದ್ರು.” ಅವಳಿಗೆ ನಗು ಬರುವುದರಲ್ಲಿತ್ತು, ಬರಲಿಲ್ಲ. ಮೇಲಿನ ಕಟ್ಟಿನಿಂದ ಮಡಿಸಿದ ಒಂದು ಕಾಗದ ತೆಗೆದು, ಸಿಕ್ಕಿಸಿದ ಮೂಲೆ ಬಿಡಿಸಿ, ಮತ್ತೆ ಸಿಕ್ಕಿಸಿದಳು. “ನೀವು ಬರೆದ್ರಿ, ನಾನು ಮಡಿಸ್ದೆ. ಯಾರಿಗೂ ನಾಚಿಕೆ ಆಗಬಾರದು ಅಂತ ಇಷ್ಟಿಷ್ಟೇ ಚಿಕ್ಕದಾಗಿ ಮಡಿಸ್ದೆ. ಎಷ್ಟು ಮನೇಲಿ ಎಷ್ಟು ಹೆಂಗಸರು ಮಂಚ ಸರಿಸಿದಾರೋ.”

ಮೊಳೆಯ ಕಣ್ಣು ತುಂಬಿತ್ತು.

“ಎತ್ತಿ ಇವನ್ನ” ಎಂದಳು.

“ಎಲ್ಲಿಡಲಿ?”

ಅವಳು ಸುತ್ತ ನೋಡಿದಳು. ಒಲೆ, ಬೀರು, ಬಾಗಿಲು. “ನಿಮ್ಮ ಮಂಚದ ಮೇಲೆ.”

ಅವನು ಬಗ್ಗಿದ. ಅವಳು ಇನ್ನೊಂದು ತುದಿ ಹಿಡಿದಳು. ಒಂದೊಂದಾಗಿ ಎತ್ತಿ ಅವನ ಮಂಚದ ಮೇಲೆ ಪೇರಿಸಿದರು, ತಲೆಯಿಂದ ಕಾಲಿನವರೆಗೆ, ಅಂಗೈಯಗಲ ಜಾಗ ಉಳಿಯದ ಹಾಗೆ.

“ನಾಳೆ ಯಜಮಾನರು ಕೇಳಿದ್ರೆ?” ಎಂದ ಏದುಸಿರು ಬಿಡುತ್ತಾ.

“ಹೆಂಡತಿ ಮಡಿಸಲ್ಲ ಅಂತಾಳೆ, ಹೊರಗೂ ಬಿಡಲ್ಲ ಅಂತಾಳೆ ಅನ್ನಿ. ಬೇಕಾದ್ರೆ ಬಂದು ನನ್ನ ಹತ್ರ ಮಾತಾಡ್ಲಿ.”

ನಾಳೆಯ ಹೆದರಿಕೆ ಮೊಳೆಗೆ ಆಗಲೇ ಶುರುವಾಗಿತ್ತು. ಅವನು ತನ್ನ ಮಂಚ ನೋಡಿದ, ಖಾಲಿಯಾದ ನೆಲ ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. “ಮತ್ತೆ ನಾನೆಲ್ಲಿ ಮಲಗಲಿ?”

ಹೆಂಡತಿ ಅವನ ದಿಂಬನ್ನು ಕಟ್ಟುಗಳ ಅಡಿಯಿಂದ ಎಳೆದು ತೆಗೆದು, ಧೂಳು ಕೊಡವಿ, ತನ್ನ ದಿಂಬಿನ ಪಕ್ಕದಲ್ಲಿ ಇಟ್ಟಳು.